ಮಕ್ಕಳನ್ನು ನೋಡಲು ಬರುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯರೇ,

ಮನೆಯಲ್ಲಿ ಒಳ್ಳೆಯದೇನಾದರೂ ನಡೆದಾಗ, ಬೇಕಾದವರನ್ನು ಕಳೆದುಕೊಂಡಾಗ, ಇಲ್ಲಾ ಸುಮ್ನೆ ಒಂದು ರಜೆಯ ದಿನ ಮನಸ್ಸು ಬಂದಾಗ ನೀವು ಮಕ್ಕಳ ಸಂಸ್ಥೆಗಳಿಗೆ ಬರುತ್ತೀರಿ. ಹಾಗೆ ಬಂದಾಗ ಬಾಗಿಲು ತೆರೆಯುವವರಲ್ಲಿ ನಾನೂ ಒಬ್ಬಳು. ಹೆತ್ತವರ ಜೊತೆ ಇರಲಾಗದ ಮಕ್ಕಳು ವಾಸ ಮಾಡುವ ಒಂದು ಸಂಸ್ಥೆಯಲ್ಲಿ ನಾನು ಸ್ವಯಂಸೇವಕಿ. ಸಂಜೆ ಮಕ್ಕಳಿಗೆ ಹೋಂವರ್ಕ್ ಮಾಡಿಸುವುದು ನನ್ನ ಮುಖ್ಯ ಕೆಲಸ. ಬಂದವರನ್ನು ಮಾತಾಡಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಒಳಗೆ ಕರೆದುಕೊಂಡು ಹೋಗಿ ತೋರಿಸುವುದೂ ನನ್ನ ಪಾಲಿಗೆ ಬಂದಿದೆ.

ನಿಮ್ಮ ಬಗ್ಗೆ ನನಗೆ ಗೌರವವಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಬಿಲ್ಲಿನಿಂದ ಹಿಡಿದು ಔಷಧಿಯವರೆಗೆ ಎಷ್ಟೋ ಖರ್ಚು ನಿಮ್ಮಂಥವರ ದುಡ್ಡಿನಲ್ಲೇ ನಡೆಯುತ್ತದೆ. ಕೆಟ್ಟ ಮನಸ್ಸಿನಿಂದ ಬರುವವರು ತೀರಾ ಕಡಿಮೆ. ಆದರೂ ಕೆಲವು ಮಾತುಗಳನ್ನು ಬಾಗಿಲ ಬಳಿ ನಿಂತು ಹೇಳಲು ಆಗುವುದಿಲ್ಲ. ನೀವು ದೂರದಿಂದ ಬಂದಿರುತ್ತೀರಿ, ಕೈಯಲ್ಲಿ ಚೀಲ ಇರುತ್ತದೆ, ಪಕ್ಕದಲ್ಲಿ ನಿಮ್ಮ ಮಕ್ಕಳು ಇರುತ್ತಾರೆ. ಆಗ ಹೇಳಿದರೆ ನಿಮಗೆ ನೋವಾಗುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಅಪ್ಪುಗೆಯ ವಿಷಯ.

ನೀವು ಒಳಗೆ ಕಾಲಿಟ್ಟ ಕೂಡಲೇ ಚಿಕ್ಕ ಮಕ್ಕಳು ಓಡಿ ಬರುತ್ತಾರೆ. ಒಬ್ಬಳು ಕೈ ಹಿಡಿಯುತ್ತಾಳೆ, ಇನ್ನೊಬ್ಬ ಸೊಂಟಕ್ಕೆ ಅಂಟಿಕೊಳ್ಳುತ್ತಾನೆ. ನಿಮ್ಮ ಕಣ್ಣು ತುಂಬುತ್ತದೆ. ‘ಎಷ್ಟು ಪ್ರೀತಿ ನೋಡಿ ಈ ಮಕ್ಕಳಿಗೆ’ ಅಂತ ನನ್ನ ಕಡೆ ತಿರುಗಿ ಹೇಳುತ್ತೀರಿ. ನಾನು ತಲೆಯಾಡಿಸುತ್ತೇನೆ. ಆದರೆ ಹೆಸರೂ ಗೊತ್ತಿಲ್ಲದವರನ್ನು ಒಂದು ಮಗು ಅಪ್ಪಿಕೊಂಡರೆ ಅದರ ಹಿಂದೆ ಏನಿದೆ ಅಂತ ಒಂದು ಕ್ಷಣ ಯೋಚಿಸಿ. ತನ್ನವರ ಜೊತೆ ಬೆಳೆದ ಮೂರು-ನಾಲ್ಕು ವರ್ಷದ ಮಗು ಹೊಸಬರು ಬಂದರೆ ಅಮ್ಮನ ಹಿಂದೆ ಅವಿತುಕೊಳ್ಳುತ್ತದೆ. ಇಣುಕಿ ನೋಡುತ್ತದೆ. ಹತ್ತಿರ ಬರಲು ಹೊತ್ತು ತೆಗೆದುಕೊಳ್ಳುತ್ತದೆ. ಹೋಗಿ ಅವಿತುಕೊಳ್ಳಲು ತನ್ನವರು ಅಂತ ಒಬ್ಬರು ಇದ್ದಾರೆ ಎಂಬ ಧೈರ್ಯ ಅದಕ್ಕಿರುತ್ತದೆ.

1970ರ ದಶಕದಲ್ಲಿ ಬಾರ್ಬರಾ ಟಿಜಾರ್ಡ್ ಎಂಬ ಮನಶ್ಶಾಸ್ತ್ರಜ್ಞೆ ಇಂಗ್ಲೆಂಡಿನ ಶಿಶುನಿಲಯಗಳಲ್ಲಿ ಬೆಳೆದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅವು ಕೆಟ್ಟ ಜಾಗಗಳೇನಲ್ಲ. ಆಟಿಕೆ, ಪುಸ್ತಕ, ಒಳ್ಳೆಯ ಊಟ, ಸಾಕಷ್ಟು ಸಿಬ್ಬಂದಿ ಎಲ್ಲ ಇತ್ತು. ಆದರೆ ನೋಡಿಕೊಳ್ಳುವವರು ಬದಲಾಗುತ್ತಲೇ ಇದ್ದರು. ಶಾಲೆಗೆ ಸೇರುವ ವಯಸ್ಸಿಗೆ ಮುಂಚೆಯೇ ಒಂದೊಂದು ಮಗುವೂ ಸರಾಸರಿ 50 ಜನರ ಕೈ ದಾಟಿ ಬಂದಿತ್ತು. ಇಂಥ ಮಕ್ಕಳಲ್ಲಿ ಹಲವರು ಯಾರು ಬಂದರೂ ಹತ್ತಿರ ಹೋಗುತ್ತಿದ್ದರು. ಆದರೆ ಯಾರನ್ನೂ ತಮ್ಮವರು ಅಂತ ಗಟ್ಟಿಯಾಗಿ ಹಚ್ಚಿಕೊಂಡಿರಲಿಲ್ಲ. ಮುಂದೆ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 136 ಮಕ್ಕಳನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ನಡೆಯಿತು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಂಸ್ಥೆಯಿಂದ ಸಾಕುಕುಟುಂಬಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮುಂಚೆ ಮನೆ ಸಿಕ್ಕ ಮಕ್ಕಳು ಒಬ್ಬರನ್ನು ನಂಬಿ ಹಚ್ಚಿಕೊಳ್ಳುವುದರಲ್ಲಿ ಉಳಿದವರಿಗಿಂತ ತುಂಬಾ ಚೇತರಿಸಿಕೊಂಡರು. ಅಂದರೆ ಮಗುವಿಗೆ ಬೇಕಾಗಿರುವುದು ತನ್ನ ಜೊತೆ ಉಳಿಯುವ ಕೆಲವೇ ಜನ. ಬಂದು ಹೋಗುವವರು ಎಷ್ಟು ಜನ ಇದ್ದರೂ ಆ ಜಾಗ ತುಂಬುವುದಿಲ್ಲ.

ಹಾಗಂತ ಓಡಿ ಬಂದ ಮಗುವನ್ನು ದೂರ ತಳ್ಳಿ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಮೊಣಕಾಲೂರಿ ಕೂತು ‘ನಿನ್ನ ಹೆಸರೇನು, ಏನು ಆಡ್ತಾ ಇದ್ದೆ?’ ಅಂತ ಕೇಳಿ. ಅದರ ಆಟಕ್ಕೇ ಅದನ್ನು ಮರಳಿಸಿ. ನೀವಾಗಿಯೇ ಎತ್ತಿಕೊಂಡು ಓಡಾಡಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಬೇಡಿ. ಮುಖ್ಯವಾಗಿ, ಹೊರಡುವಾಗ ಸುಳ್ಳು ಆಸೆ ಕೊಡಬೇಡಿ. ‘ಮತ್ತೆ ಯಾವಾಗ ಬರ್ತೀರಾ?’ ಅಂತ ಮಗು ಕೇಳಿಯೇ ಕೇಳುತ್ತದೆ. ‘ಬೇಗ ಬರ್ತೀನಿ ಕಂದ’ ಅನ್ನುವ ಉತ್ತರ ನಿಮ್ಮ ಬಾಯಿಂದ ತಾನಾಗಿ ಬರುತ್ತದೆ. ನೀವು ಗೇಟು ದಾಟಿದ ಮೇಲೆ ಆ ಮಾತು ನಿಮಗೆ ಮರೆತುಹೋಗಬಹುದು. ಮಗುವಿಗೆ ಮರೆಯುವುದಿಲ್ಲ. ‘ಅಕ್ಕ, ಆ ನೀಲಿ ಚೂಡಿದಾರ ಆಂಟಿ ಇವತ್ತು ಬರ್ತಾರಾ?’ ಅಂತ ಹೋಂವರ್ಕ್ ಮಧ್ಯೆ ತಲೆಯೆತ್ತಿ ಕೇಳುವವರು ಇದ್ದಾರೆ. ಬರುವುದು ಖಾತ್ರಿ ಇಲ್ಲದಿದ್ದರೆ ‘ಇವತ್ತು ನಿನ್ನ ಜೊತೆ ಮಾತಾಡಿ ಖುಷಿಯಾಯ್ತು, ಹೋಗಿ ಬರ್ತೀನಿ’ ಅಂದರೆ ಸಾಕು. ಮಕ್ಕಳು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಹೇಳಿದ ದಿನ ಬಾರದಿರುವುದನ್ನು ಅರ್ಥ ಮಾಡಿಕೊಳ್ಳುವುದು ಅವರಿಗೆ ಕಷ್ಟ.

ಇನ್ನು ಅಪ್ಪ-ಅಮ್ಮನ ಬಗ್ಗೆ ಕೇಳುವ ಪ್ರಶ್ನೆ.

ನಮ್ಮಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಮಾತಿನ ಮಲ್ಲಿ. ಬಂದವರಿಗೆ ತನ್ನ ಮಂಚ, ಮಂಚದ ಕೆಳಗಿನ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಚಿಟ್ಟೆಗಳನ್ನು ತೋರಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಒಂದೇ ಮಧ್ಯಾಹ್ನ ಮೂರು ಗುಂಪು ಬಂದಿತ್ತು. ಮೂರರಲ್ಲೂ ಒಬ್ಬರಲ್ಲ ಒಬ್ಬರು ‘ನಿಮ್ಮಮ್ಮ ಎಲ್ಲಿ ಪುಟ್ಟಿ?’ ಅಂತ ಕೇಳಿದರು. ಮೊದಲನೆಯವರಿಗೆ ‘ಅಮ್ಮ ದೂರದಲ್ಲಿ ಕೆಲಸ ಮಾಡ್ತಾಳೆ’ ಅಂದಳು. ಎರಡನೆಯವರಿಗೆ ‘ತೀರಿಹೋದಳು’ ಅಂದಳು. ಮೂರನೆಯವರು ಕೇಳುವ ಹೊತ್ತಿಗೆ ಪೆಟ್ಟಿಗೆಯ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಾ ‘ಭಾನುವಾರ ಬರ್ತಾಳೆ’ ಅಂದಳು. ಆಮೇಲೆ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ‘ಈ ಮಗು ಸುಳ್ಳು ಹೇಳುತ್ತೆ, ಗಮನ ಕೊಡಿ’ ಅಂದರು.

ಅವಳು ಹೇಳಿದ ಮೂರರಲ್ಲಿ ಯಾವುದು ನಿಜ ಅಂತ ನನಗೂ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಮಕ್ಕಳ ಫೈಲು ನೋಡುವ ಅಧಿಕಾರ ಸ್ವಯಂಸೇವಕರಿಗೆ ಇಲ್ಲ, ಇರಕೂಡದು. ಆದರೆ ಒಂದು ಮಾತ್ರ ಖಂಡಿತ. ಮೂರು ಸಲ ಅದೇ ಜಾಗಕ್ಕೆ ಕೈ ಹಾಕಿದಾಗ ಆ ಮಗು ತನ್ನನ್ನು ತಾನೇ ಕಾಪಾಡಿಕೊಂಡಿತು. ನಮ್ಮ ಮನೆಗೆ ಮೊದಲ ಸಲ ಬಂದವರೊಬ್ಬರು ‘ನಿಮ್ಮ ಬದುಕಿನಲ್ಲಿ ಆದ ಅತಿ ದೊಡ್ಡ ದುಃಖ ಯಾವುದು?’ ಅಂತ ಕೇಳಿದರೆ ನಾವೂ ನೀವೂ ನಿಜ ಹೇಳುತ್ತೇವಾ?

1989ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನದ ಬಗ್ಗೆಯೇ ಇದೆ. ಮಗುವಿನ ಖಾಸಗಿ ಬದುಕು, ಕುಟುಂಬ, ಮಾನ ಇವುಗಳಲ್ಲಿ ಯಾರೂ ಮನಬಂದಂತೆ ತಲೆಹಾಕುವಂತಿಲ್ಲ ಅನ್ನುತ್ತದೆ ಅದು. ಸಂಸ್ಥೆಯಲ್ಲಿರುವ ಮಗುವಿಗೆ ಇದು ಇನ್ನೂ ಜಾಸ್ತಿ ಬೇಕು. ಅದಕ್ಕೆ ಅಂತ ಒಂದು ಸ್ವಂತ ಕೋಣೆ ಇಲ್ಲ, ಬೀಗ ಹಾಕುವ ಬಾಗಿಲಿಲ್ಲ. ಇರುವುದು ತನ್ನ ಕಥೆ ಒಂದೇ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅನ್ನುವುದಾದರೂ ಅದರ ಕೈಯಲ್ಲೇ ಇರಲಿ.

ಫೋಟೊದ ವಿಷಯವೂ ಇದರೊಳಗೇ ಬಂತು. ನೀವು ಹಾಕುವ ಒಂದು ಸೆಲ್ಫಿಯಲ್ಲಿ ಮಗುವಿನ ಮುಖ, ಸಂಸ್ಥೆಯ ಬೋರ್ಡು, ಕೆಲವೊಮ್ಮೆ ಶಾಲೆಯ ಯೂನಿಫಾರ್ಮ್ ಕೂಡ ಇರುತ್ತದೆ. ಅಪಾಯದಿಂದ ತಪ್ಪಿಸಿ ಕರೆತಂದ ಮಕ್ಕಳೂ ಇಲ್ಲಿರುತ್ತಾರೆ. ಅವರನ್ನು ಹುಡುಕುತ್ತಿರುವವರಿಗೆ ಅಷ್ಟು ಸಾಕು. ಹತ್ತು ವರ್ಷ ಕಳೆದು ಆ ಹುಡುಗ ಕೆಲಸಕ್ಕೆ ಸೇರಿದ ಮೇಲೆ, ಜೊತೆಗಾರರು ಯಾರೋ ಆ ಫೋಟೊ ತೆಗೆದು ತೋರಿಸುವುದೂ ಅವನಿಗೆ ಬೇಡ. ಹಿಂದಿನಿಂದ ತೆಗೆದದ್ದು, ಮುಖ ಮಸುಕು ಮಾಡಿದ್ದು ಅಂತೆಲ್ಲ ಚೌಕಾಸಿ ಬೇಡ. ಫೋನ್ ಚೀಲದಲ್ಲೇ ಇರಲಿ.

ಈಗ ಸ್ವಲ್ಪ ಕಹಿಯಾದ ಮಾತು. ಸಂಸ್ಥೆಗಳಲ್ಲಿರುವ ಮಕ್ಕಳೆಲ್ಲ ಅನಾಥರು ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರ ತನ್ನ ವರದಿಯಲ್ಲಿ ಹೇಳಿದಂತೆ, ಜಗತ್ತಿನಲ್ಲಿ ಹೀಗೆ ಸಂಸ್ಥೆಗಳಲ್ಲಿರುವ ಐದು ಮಕ್ಕಳಲ್ಲಿ ಕಡಿಮೆಯೆಂದರೂ ನಾಲ್ವರಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ. ಬಡತನ, ಕಾಯಿಲೆ, ಕುಡಿತ, ಮನೆಯೊಳಗಿನ ಹಿಂಸೆ, ಮಗುವಿಗಿರುವ ಅಂಗವಿಕಲತೆ, ಹತ್ತಿರದಲ್ಲಿ ಶಾಲೆ ಇಲ್ಲದಿರುವುದು, ಹೀಗೆ ಕಾರಣ ಹಲವು. ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಅಂಥ ಮನೆಗೆ ಕೈ ಹಿಡಿಯುವವರು ಬೇಕು, ಮಗುವಿಗೆ ಬೇರೆ ಸೂರು ಬೇಕಿಲ್ಲ.

ಆದರೆ ನೋಡಲು ಬರುವವರು ಹೆಚ್ಚಾದಲ್ಲಿ ಸಂಸ್ಥೆಗಳೂ ಹೆಚ್ಚಾಗಿದ್ದುಂಟು. ಕಾಂಬೋಡಿಯಾದಲ್ಲಿ 2005ರಿಂದ 2010ರ ಒಳಗೆ ಇಂಥ ಸಂಸ್ಥೆಗಳ ಸಂಖ್ಯೆ ಶೇ. 75ರಷ್ಟು ಏರಿತು. ಆ ಮಕ್ಕಳಲ್ಲಿ ಬಹುಪಾಲಿನವರಿಗೆ ಅಪ್ಪನೋ ಅಮ್ಮನೋ ಇದ್ದರು. ಪ್ರವಾಸಿಗರು ಬರುತ್ತಾರೆ, ಕರಗುತ್ತಾರೆ, ದುಡ್ಡು ಕೊಡುತ್ತಾರೆ. ಅದನ್ನು ಕಂಡವರು ಬಡ ಕುಟುಂಬಗಳಿಗೆ ‘ಓದಿಸುತ್ತೇವೆ’ ಅಂತ ನಂಬಿಸಿ ಮಕ್ಕಳನ್ನು ಕರೆತರುತ್ತಾರೆ. ನೇಪಾಳದಲ್ಲೂ ಹೀಗೇ ಹಳ್ಳಿಗಳಿಂದ ಮಕ್ಕಳನ್ನು ತಂದು, ಕಾಗದದಲ್ಲಿ ಅನಾಥರೆಂದು ಬರೆಸಿದ ಪ್ರಕರಣಗಳು ಬಯಲಿಗೆ ಬಂದವು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ನಿರ್ಣಯದಲ್ಲೇ, ಅನಾಥಾಶ್ರಮಗಳಿಗೆ ಸ್ವಯಂಸೇವೆಗೆಂದು ಹೋಗುವ ಪ್ರವಾಸದಿಂದ ಮಕ್ಕಳಿಗೆ ಆಗುವ ಕೆಡುಕನ್ನು ತಡೆಯಿರಿ ಅಂತ ದೇಶಗಳಿಗೆ ಹೇಳಬೇಕಾಯಿತು. ನಿಮ್ಮ ಕರುಣೆಯ ಮೇಲೆ ವ್ಯಾಪಾರ ನಡೆಯಬಹುದು ಎಂಬುದನ್ನು ನೀವು ತಿಳಿದಿರಬೇಕು. ಇದನ್ನು ಓದಿ ದಾನ ಕೊಡುವುದನ್ನೇ ನಿಲ್ಲಿಸಿಬಿಟ್ಟೀರಿ ಎಂಬ ಭಯವೂ ನನಗಿದೆ. ನಿಲ್ಲಿಸಬೇಡಿ. ಕೇಳಿ ಕೊಡಿ.

ಏನು ಕೇಳಬೇಕು? ‘ಕಳೆದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ, ಇಲ್ಲಾ ಬೇರೆ ಕುಟುಂಬಕ್ಕೆ ಹೋದರು?’ ಅಂತ ಕೇಳಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಮಕ್ಕಳನ್ನು ಮನೆ ಸೇರಿಸಲು ದುಡಿಯುವ ಸಂಸ್ಥೆಯವರ ಮುಖ ಈ ಪ್ರಶ್ನೆಗೆ ಅರಳುತ್ತದೆ. ಹಾಸಿಗೆ ತುಂಬಿರುವುದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವವರು ತಡವರಿಸುತ್ತಾರೆ. ಮಗು ತನ್ನ ಅಣ್ಣ-ತಂಗಿಯರ ಜೊತೆಗೇ ಇದೆಯಾ, ಮನೆಯವರು ಬಂದು ನೋಡಲು ಬಿಡುತ್ತೀರಾ, ಲೆಕ್ಕಪತ್ರ ತೋರಿಸುತ್ತೀರಾ ಅಂತಲೂ ಕೇಳಿ. ಇನ್ನೊಂದು ವಿಷಯ. ನೀವು ಯಾರು, ಎಲ್ಲಿಯವರು ಅಂತ ವಿಚಾರಿಸದೆ, ಗುರುತಿನ ಚೀಟಿ ನೋಡದೆ, ಯಾರೂ ಜೊತೆಗೆ ಬರದೆ ನಿಮ್ಮನ್ನು ಮಕ್ಕಳ ಮಲಗುವ ಕೋಣೆಯವರೆಗೆ ಬಿಟ್ಟರೆ, ಅದನ್ನು ಆತ್ಮೀಯತೆ ಅಂದುಕೊಳ್ಳಬೇಡಿ. ನಿಮ್ಮನ್ನು ಹಾಗೆ ಬಿಟ್ಟವರು ಎಲ್ಲರನ್ನೂ ಹಾಗೇ ಬಿಡುತ್ತಾರೆ. ನಾವು ಐಡಿ ಕೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ. ‘ಸಹಾಯ ಮಾಡಲು ಬಂದವರ ಮೇಲೇ ಅನುಮಾನವಾ?’ ಅನ್ನುತ್ತಾರೆ. ಅನುಮಾನ ನಿಮ್ಮ ಮೇಲೆ ಅಲ್ಲ, ಸ್ವಾಮಿ. ಆ ನಿಯಮ ಮಕ್ಕಳಿಗಾಗಿ.

ಸಂಸ್ಥೆ ನಡೆಸುವವರಿಗೂ ಇಲ್ಲಿಯೇ ಒಂದು ಮಾತು. ದಾನಿಗಳು ಬಂದಾಗಲೆಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ವಾಗತ ಗೀತೆ ಹಾಡಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ನಾಳೆ ಗಣಿತದ ಪರೀಕ್ಷೆ ಇಟ್ಟುಕೊಂಡು ಇವತ್ತು ಸಂಜೆ ಡ್ಯಾನ್ಸ್ ಪ್ರಾಕ್ಟೀಸ್ ಮಾಡುವ ಮಕ್ಕಳನ್ನು ನಾನು ನೋಡಿದ್ದೇನೆ. ಚಪ್ಪಾಳೆ ಬೀಳುತ್ತದೆ, ಚೆಕ್ಕೂ ಬರುತ್ತದೆ. ಆದರೆ ‘ನಾವು ಮುದ್ದಾಗಿ ಕಂಡರೆ ಮಾತ್ರ ನಮಗೆ ಊಟ’ ಅಂತ ಆ ಮಕ್ಕಳು ಕಲಿಯುತ್ತಾರೆ. ನಿಮ್ಮ ಕಷ್ಟ ನನಗೆ ಗೊತ್ತು. ಮುಂದಿನ ತಿಂಗಳ ಸಂಬಳ ಎಲ್ಲಿಂದ ತರುವುದು ಅಂತ ಆಫೀಸಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತವರನ್ನೂ ಕಂಡಿದ್ದೇನೆ. ಆದರೂ ಆ ಭಾರ ಮಕ್ಕಳ ತಲೆಗೆ ಬೇಡ.

ದೊಡ್ಡ ಮಕ್ಕಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಗಮನಿಸಿದ್ದೀರಾ? ಬಂದವರೆಲ್ಲ ಪುಟಾಣಿಗಳ ಸುತ್ತ ಸೇರುತ್ತಾರೆ. ಹದಿನೈದು ದಾಟಿದ ಹುಡುಗರು, ಗೇಟಿನಲ್ಲಿ ಕಾರು ನಿಂತದ್ದು ಕಂಡ ಕೂಡಲೇ ಹಿತ್ತಲಿಗೆ ಹೋಗಿಬಿಡುತ್ತಾರೆ. ಅವರಿಗೂ ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟು ಕೈ ಕುಲುಕಿ ಫೋಟೊ ತೆಗೆಸಿಕೊಳ್ಳಲು ಹೋಗುವವರಿದ್ದಾರೆ. ಎಷ್ಟು ಮುಜುಗರ ಅಲ್ವಾ ಆ ವಯಸ್ಸಿಗೆ? ಅವರ ತಲೆಯಲ್ಲಿ ಓಡುವ ಪ್ರಶ್ನೆಯೇ ಬೇರೆ. ಹದಿನೆಂಟು ತುಂಬಿದ ಮೇಲೆ ಎಲ್ಲಿಗೆ ಹೋಗುವುದು? ಬಾಡಿಗೆ ಕೋಣೆ ಯಾರು ಕೊಡುತ್ತಾರೆ? ಬ್ಯಾಂಕಿನ ಫಾರ್ಮ್ ತುಂಬುವುದು ಹೇಗೆ? ಜ್ವರ ಬಂದರೆ ಯಾರಿಗೆ ಫೋನ್ ಮಾಡುವುದು? ಮನೆಯಲ್ಲಿ ಬೆಳೆದವರಿಗೆ ಇವೆಲ್ಲ ಕೇಳದೆಯೇ ಗೊತ್ತಾಗುತ್ತವೆ. ಇವರಿಗೆ ಯಾರಾದರೂ ಹೇಳಿಕೊಡಬೇಕು. ನಿಮ್ಮಲ್ಲಿ ಎಲೆಕ್ಟ್ರಿಷಿಯನ್‌ಗಳಿದ್ದೀರಿ, ನರ್ಸ್‌ಗಳಿದ್ದೀರಿ, ಲೆಕ್ಕ ಬರೆಯುವವರು, ಹೊಲಿಯುವವರು, ಅಂಗಡಿ ನಡೆಸುವವರು ಇದ್ದೀರಿ. ಹೊರಗೆ ಕಾಲಿಡುವ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಸಂಸ್ಥೆಯ ಮೂಲಕ ಒಂದೆರಡು ವರ್ಷ ಜೊತೆ ನಿಂತರೆ, ಅದಕ್ಕಿಂತ ದೊಡ್ಡ ಉಡುಗೊರೆ ನನಗೆ ತೋಚುವುದಿಲ್ಲ.

ನಮ್ಮಲ್ಲಿಗೆ ಬರುವ ಒಬ್ಬ ಹಿರಿಯರ ಬಗ್ಗೆ ಹೇಳಲೇಬೇಕು. ಕೆಲಸದಿಂದ ನಿವೃತ್ತರಾದವರು. ಮೊದಲ ಸಲ ಬಂದಾಗ ಎಲ್ಲರ ಹಾಗೆ ಒಂದು ಸುತ್ತು ನೋಡಿದರು. ಹೊರಡುವಾಗ, ಜಿಪ್ಪು ಕಿತ್ತುಹೋಗಿ ಪಿನ್ನು ಚುಚ್ಚಿಕೊಂಡಿದ್ದ ಒಂದು ಶಾಲಾ ಬ್ಯಾಗು ಅವರ ಕಣ್ಣಿಗೆ ಬಿತ್ತು. ‘ಇದನ್ನು ರಿಪೇರಿ ಮಾಡುವವರು ಯಾರು?’ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಆಮೇಲೆ ಬೇಕಾದ ವಿಚಾರಣೆಯೆಲ್ಲ ಮುಗಿಸಿ, ಹದಿನೈದು ದಿನಕ್ಕೊಮ್ಮೆ ಶನಿವಾರ ಬರತೊಡಗಿದರು. ಒಂದು ಸಣ್ಣ ಪೆಟ್ಟಿಗೆ ತರುತ್ತಾರೆ. ಅದರಲ್ಲಿ ದಬ್ಬಣ, ಮೇಣ ಹಚ್ಚಿದ ದಾರ, ಇಕ್ಕಳ, ಬೇರೆ ಬೇರೆ ಅಳತೆಯ ಜಿಪ್ ರನ್ನರ್‌ಗಳು. ವರಾಂಡದಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂರುತ್ತಾರೆ. ಮಾತು ಕಡಿಮೆ. ಮಕ್ಕಳು ಬ್ಯಾಗು, ಶೂ, ಛತ್ರಿ ಹಿಡಿದು ಸರದಿಯಲ್ಲಿ ಬರುತ್ತಾರೆ. ಒಂದು ಶನಿವಾರ, ಯಾರ ಹತ್ತಿರವೂ ಸುಲಭಕ್ಕೆ ಮಾತಾಡದ ಹುಡುಗನೊಬ್ಬ ಅವರ ಪಕ್ಕ ಕೂತು ಇಕ್ಕಳ ಹಿಡಿದುಕೊಂಡಿದ್ದ. ‘ರನ್ನರ್ ಬಾಯಿ ಅಗಲ ಆಗಿದೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ಒತ್ತು, ಒಂದೇ ಸಲ ಜೋರಾಗಿ ಒತ್ತಿದರೆ ಮುರಿಯುತ್ತೆ’ ಅಂತ ಅವರು ಹೇಳಿಕೊಡುತ್ತಿದ್ದರು. ಹುಡುಗ ನಾಲಿಗೆ ಕಚ್ಚಿಕೊಂಡು ಒತ್ತಿದ. ಜಿಪ್ಪು ಸರ್ರನೆ ಓಡಿತು. ಈಗ ಆ ಹಿರಿಯರಿಲ್ಲದ ದಿನಗಳಲ್ಲಿ ಚಿಕ್ಕವರು ತಮ್ಮ ಜಿಪ್ಪು ಕೆಟ್ಟರೆ ಅವನ ಹತ್ತಿರ ಹೋಗುತ್ತಾರೆ.

ಆ ಹಿರಿಯರು ಯಾವ ಮಗುವನ್ನೂ ಅಮ್ಮ ಎಲ್ಲಿ ಅಂತ ಕೇಳಿದ್ದಿಲ್ಲ. ಬರಲಾಗದಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತಾರೆ. ನಾವು ಅದನ್ನು ಮಕ್ಕಳಿಗೆ ಹೇಳುತ್ತೇವೆ. ಬರುತ್ತೇನೆ ಅಂದವರು ಬರುತ್ತಾರೆ, ಬರಲಾಗದಿದ್ದರೆ ಹೇಳಿ ಕಳಿಸುತ್ತಾರೆ ಅನ್ನುವುದು ಈ ಮಕ್ಕಳಲ್ಲಿ ಎಷ್ಟೋ ಜನ ಮೊದಲ ಸಲ ಕಾಣುತ್ತಿರುವ ಸಂಗತಿ.

ವಸ್ತು ಕೊಡುವವರಿಗೆ ಒಂದೇ ಮಾತು: ತರುವ ಮುಂಚೆ ಫೋನ್ ಮಾಡಿ. ಗೊಂಬೆಗಳು ಕಪಾಟು ತುಂಬಿ ಹೊರಗೆ ಬಂದಿರುತ್ತವೆ. ಒಳಉಡುಪು, ಸ್ಯಾನಿಟರಿ ಪ್ಯಾಡ್, ಸರಿಯಾದ ಅಳತೆಯ ಶೂ, ಕನ್ನಡಕ, ಹಲ್ಲಿನ ಡಾಕ್ಟರ ಫೀಸು, ಇವನ್ನು ಕೊಡುವವರು ಸಿಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಮಕ್ಕಳ ಜೊತೆ ಮಲಗುವ ಆಯಾಗಳ ಸಂಬಳಕ್ಕೆ ಅಂತ ದುಡ್ಡು ಕೊಡುವವರಂತೂ ತೀರಾ ಅಪರೂಪ. ಕೆಟ್ಟ ಕನಸು ಬಿದ್ದು ಎದ್ದ ಮಗುವಿಗೆ ಅವರೇ ದಿಕ್ಕು. ಸಂಬಳ ಸಾಲದೆ ಅವರು ಕೆಲಸ ಬಿಟ್ಟರೆ ಮಗು ಮತ್ತೊಬ್ಬರನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ನಿಮ್ಮ ದಾನದ ಮೇಲೆ ‘ಸಿಬ್ಬಂದಿಗೆ’ ಅಂತ ಬರೆಯಲು ಹಿಂಜರಿಯಬೇಡಿ.

ನನ್ನ ಹಾಗೆ ಸ್ವಯಂಸೇವಕರಾಗಲು ಯೋಚಿಸುತ್ತಿರುವವರು ನಿಮ್ಮಲ್ಲಿ ಇರಬಹುದು. ಬನ್ನಿ, ಖಂಡಿತ ಕೆಲಸವಿದೆ. ಆದರೆ ಎರಡು ವಾರ ಇದ್ದು ಹೋಗುವ ಹಾಗಿದ್ದರೆ ಮಕ್ಕಳ ಜೊತೆಗಿನ ಕೆಲಸ ಬೇಡ. ಲೆಕ್ಕ ನೋಡಿ, ಗೋಡೆಗೆ ಬಣ್ಣ ಹೊಡೆಯಿರಿ, ಕಂಪ್ಯೂಟರ್ ಸರಿ ಮಾಡಿಕೊಡಿ, ಆಯಾಗಳಿಗೆ ಮೊಬೈಲಿನಲ್ಲಿ ಬ್ಯಾಂಕ್ ಕೆಲಸ ಕಲಿಸಿಕೊಡಿ. ಮಕ್ಕಳ ಜೊತೆಗೇ ಇರಬೇಕು ಅನ್ನಿಸಿದರೆ ಕನಿಷ್ಠ ಒಂದು ಶಾಲಾ ವರ್ಷ, ವಾರಕ್ಕೆ ಒಂದೇ ದಿನವಾದರೂ ಸರಿ, ತಪ್ಪದೆ ಬರುತ್ತೇನೆ ಅಂತ ನಿಮ್ಮ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಪೊಲೀಸ್ ಪರಿಶೀಲನೆ, ಪರಿಚಯದವರ ಪತ್ರ, ತರಬೇತಿ ಅಂತ ಒಂದಷ್ಟು ದಿನ ಕಾಯಬೇಕಾಗುತ್ತದೆ. ಕಾಯಿರಿ. ಬಿಡಬೇಕಾಗಿ ಬಂದರೆ ಒಂದು ತಿಂಗಳು ಮುಂಚೆ ಹೇಳಿ. ಮಕ್ಕಳಿಗೆ ಎದುರು ನಿಂತು ಹೇಳಿ. ಯಾರಿಗೂ ಗೊತ್ತಾಗದ ಹಾಗೆ ಬರುವುದನ್ನು ನಿಲ್ಲಿಸಿಬಿಡಬೇಡಿ.

ಮುಂದಿನ ಸಲ ಭೇಟಿಗೆ ಬರುವ ಮುನ್ನ ನೀವು ಹೋಗುವ ಸಂಸ್ಥೆಯ ಆಫೀಸಿಗೆ ಫೋನ್ ಮಾಡಿ, ಮಕ್ಕಳ ಊಟ, ಆಟ, ಓದಿನ ಸಮಯ ಯಾವುದು ಅಂತ ಕೇಳಿಕೊಳ್ಳಿ. ಆ ಹೊತ್ತು ತಪ್ಪಿಸಿ ಬನ್ನಿ. ‘ಈಗ ಪರೀಕ್ಷೆ ನಡೀತಾ ಇದೆ, ಬೇಡ’ ಅಂತ ಅವರು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕೊಡಬೇಕೆಂದಿದ್ದನ್ನು ಆಫೀಸಿಗೆ ಕಳಿಸಿಬಿಡಿ, ರಸೀದಿ ಕೇಳಿ ಪಡೆಯಿರಿ.

ಇಂತಿ,
ಮಕ್ಕಳ ಸಂಸ್ಥೆಯೊಂದರ ಸ್ವಯಂಸೇವಕಿ